ನಮ್ಮ ಭಾವನವರ ಜಪಾನಿ ಅನಾಥಾಶ್ರಮ

ನಮ್ಮ ಭಾವನವರ ಪ್ರೀತಿ ಸಂಪಾದಿಸಬೇಕಾದರೆ ಇರುವುದು ಒಂದೇ ದಾರಿ: ನೀವು ಸತ್ತಿರಬೇಕು. ಬರೀ ಸತ್ತರೆ ಸಾಲದು, ಜಪಾನಿನಲ್ಲಿ ಸತ್ತಿರಬೇಕು. ಅದೂ ಸಾಲದು, ನೀವು ಮನುಷ್ಯರೇ ಆಗಿರಬಾರದು, ಅಕ್ಷರವಾಗಿರಬೇಕು! ಇದರಲ್ಲಿ ಒಂದು ಅರ್ಹತೆಯೂ ಇಲ್ಲದ ನನ್ನ ಅಕ್ಕ, ಪಾಪ, ಅವರನ್ನು ಮದುವೆಯಾಗಿ ಮೈಸೂರಿನಿಂದ ಇಂಗ್ಲೆಂಡಿನ ಶೆಫೀಲ್ಡಿಗೆ ಬಂದಳು.

ವಿಷಯ ಇಷ್ಟು. ಜಪಾನಿನವರ ಅಕ್ಷರಮಾಲೆಯಲ್ಲಿ ಹಿಂದೆ ಒಂದೊಂದು ಉಚ್ಚಾರಣೆಗೂ ಹಲವಾರು ಆಕಾರಗಳಿದ್ದವಂತೆ. ನಮ್ಮ ‘ಕ’ಕ್ಕೆ ಐದಾರು ರೂಪಗಳಿದ್ದು, ಬರೆಯುವವನು ಮನಸ್ಸಿಗೆ ಬಂದದ್ದನ್ನು ಬರೆದುಕೊಂಡು ಹೋದರೆ ಹೇಗಿರುತ್ತದೋ ಹಾಗೆ. ನೂರು ವರ್ಷದ ಹಿಂದೆ ಅಲ್ಲಿನ ಸರ್ಕಾರ ಶಾಲೆಯ ಮಕ್ಕಳ ಮೇಲೆ ಕರುಣೆ ತೋರಿಸಿ, ಒಂದು ಉಚ್ಚಾರಣೆಗೆ ಒಂದೇ ಆಕಾರ ಎಂದು ಗೊತ್ತುಮಾಡಿತು. ಉಳಿದವೆಲ್ಲ ಬೀದಿಗೆ ಬಿದ್ದವು. ಈಗ ಅವು ಅಲ್ಲೊಂದು ನೂಡಲ್ಸ್ ಅಂಗಡಿಯ ಫಲಕದಲ್ಲಿ, ಇಲ್ಲೊಬ್ಬ ಅಜ್ಜಿಯ ಹೆಸರಿನಲ್ಲಿ ಜೀವ ಹಿಡಿದುಕೊಂಡಿವೆಯಂತೆ. ಅಂಥ ದಿಕ್ಕಿಲ್ಲದ ಅಕ್ಷರಗಳಿಗೆಲ್ಲ ಆಶ್ರಯ ಕೊಡುವ ಅನಾಥಾಶ್ರಮವೇ ನಮ್ಮ ಭಾವನವರ ಪಿಎಚ್.ಡಿ.

ನನ್ನನ್ನು ಕೇಳಿದರೆ ಆ ಸರ್ಕಾರಕ್ಕೆ ಕೈ ಮುಗಿಯಬೇಕು! ನಾನು ಅಲ್ಲೇ ಹತ್ತಿರದ ಮ್ಯಾಕಲ್ಸ್‌ಫೀಲ್ಡಿನಲ್ಲಿ ಔಷಧ ಕಾರ್ಖಾನೆಯ ಗುಣಮಟ್ಟ ವಿಭಾಗದವನು. ಒಂದು ಮಾತ್ರೆ ಅಂಚಿನಲ್ಲಿ ಇಷ್ಟೇ ಇಷ್ಟು ಮುಕ್ಕಾಗಿದ್ದರೂ ಕಸಕ್ಕೆ ಹಾಕುವುದು ನನ್ನ ಕೆಲಸ. ಕಸದಿಂದ ಆಯ್ದು ಮನೆಗೆ ತರುವುದು ಅವರ ಕೆಲಸ. ನಮ್ಮಿಬ್ಬರಿಗೆ ಹೊಂದಾಣಿಕೆ ಎಲ್ಲಿಂದ ಬರಬೇಕು?

“ಭಾವ, ಒಂದು ಸಾಕಾಗಿರೋ ಕಡೆ ಆರು ಯಾಕೆ?” ಎಂದು ಒಮ್ಮೆ ಕೇಳಿದೆ.

“ನಿಮ್ಮಮ್ಮ ಒಂದೇ ಸಾರು ಮಾಡ್ತಾರೇನೋ ವರ್ಷವೆಲ್ಲ?” ಎಂದರು.

ಅವರಿಗೆ ಸಾರು ಮಾಡಿ ಹಾಕುತ್ತಿದ್ದವಳು ಯಾರು ಎಂಬುದು ಆ ಕ್ಷಣಕ್ಕೆ ಅವರ ನೆನಪಿನಲ್ಲಿ ಇರಲಿಲ್ಲ. ಅಕ್ಕ ಮಕ್ಕಳ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು. ಎಳೆ ಕೂಸುಗಳ ಕೈಯಲ್ಲಿ ನರ ಹುಡುಕಿ ಸೂಜಿ ಹಾಕುವವಳು. ಆಸ್ಪತ್ರೆಯ ಪಾಳಿ ಮುಗಿಸಿ ಬ್ರೂಮ್‌ಹಿಲ್ಲಿನ ಆ ಕಡಿದಾದ ರಸ್ತೆ ಹತ್ತಿ ಮನೆಗೆ ಬಂದು ಕುಕ್ಕರ್ ಇಡುವವಳೂ ಅವಳೇ. ಭಾವ ಕುಕ್ಕರಿನ ಸೀಟಿ ಎಣಿಸುತ್ತೇನೆಂದು ಒಪ್ಪಿಕೊಂಡು, ಬೇಳೆಯನ್ನು ಇದ್ದಿಲು ಮಾಡಿದವರು.

ಒಂದು ಸಲ ಅಕ್ಕನ ಹುಟ್ಟುಹಬ್ಬಕ್ಕೆ ಮ್ಯಾಂಚೆಸ್ಟರಿನ ಜಪಾನಿ ಊಟದ ಮನೆಗೆ ಹೋಗೋಣವೆಂದು ಅವರೇ ಬಾಯಿಬಿಟ್ಟು ಹೇಳಿದರು. ಅಕ್ಕನಿಗೆ ಆದ ಸಂತೋಷ ನೋಡಬೇಕಿತ್ತು! ರೇಷ್ಮೆ ಸೀರೆ ಉಟ್ಟು, ಮೇಲೆ ಕೋಟು ಹಾಕಿ ಹೊರಟಳು. ಬಾಗಿಲಲ್ಲಿ ಒಂದು ನೀಲಿ ಪರದೆ ನೇತುಹಾಕಿದ್ದರು. ಅದರ ಮೇಲೆ ಹಳೆಯ ಅಕ್ಷರದಲ್ಲಿ ಏನೋ ಬರೆದಿತ್ತು. ಸರಿ, ಭಾವ ಅಲ್ಲೇ ಕಂಬವಾದರು. ಪರದೆಯನ್ನು ಮುಟ್ಟಿದರು, ಸವರಿದರು, ಹಿಂದೆ ಹೋಗಿ ಅದರ ಬೆನ್ನನ್ನೂ ನೋಡಿದರು. ಆಮೇಲೆ ಅಡುಗೆಯವನನ್ನೇ ಹೊರಗೆ ಕರೆಸಿ ಜಪಾನಿಯಲ್ಲಿ ಉಪನ್ಯಾಸ ಶುರುಮಾಡಿದರು. ಅವನು ಕೈಯಲ್ಲಿ ಸೌಟು ಹಿಡಿದುಕೊಂಡೇ ಎಲ್ಲವನ್ನೂ ಕೇಳಿ, ತಾನು ಮಲೇಷ್ಯಾದವನೆಂದೂ ಪರದೆ ಅಂಗಡಿಯಲ್ಲಿ ಸಿದ್ಧವಾಗಿ ಸಿಕ್ಕಿದ್ದೆಂದೂ ಇಂಗ್ಲಿಷಿನಲ್ಲಿ ಹೇಳಿದ. ಅಷ್ಟರಲ್ಲಿ ನಾವು ಕಾದಿರಿಸಿದ್ದ ಮೇಜನ್ನು ಬೇರೆಯವರಿಗೆ ಕೊಟ್ಟಿದ್ದರು. ರೇಷ್ಮೆ ಸೀರೆಯವಳು ಬಸ್‌ಸ್ಟಾಪಿನಲ್ಲಿ ನಿಂತು ಚಿಪ್ಸ್ ತಿಂದಳು. ಭಾವ ಮಾತ್ರ “ಎಂಥ ಚೆಂದದ ‘ಸೋ’ ನೋಡಿದೆಯೇನೇ!” ಎನ್ನುತ್ತಲೇ ಇದ್ದರು.

ಲೀಡ್ಸಿನಲ್ಲಿ ಕನ್ನಡದವರೆಲ್ಲ ಸೇರಿ ಯುಗಾದಿ ಮಾಡಿದಾಗ ಇನ್ನೊಂದು ಪ್ರಸಂಗ. ಅಲ್ಲಿದ್ದವರಲ್ಲಿ ಮುಕ್ಕಾಲು ಪಾಲು ಬೆಂಗಳೂರಿನ ಸಾಫ್ಟ್‌ವೇರ್ ಜನ. ಮಾತೆಲ್ಲ ಮಾರ್ಟ್‌ಗೇಜು, ಪೋಸ್ಟ್‌ಕೋಡು. ಒಬ್ಬರು ಭಾವನವರ ಪಕ್ಕ ತಟ್ಟೆ ಹಿಡಿದು ಕೂತು ವಿಚಾರಿಸಿದರು:

“ತಾವು ಏನ್ ಮಾಡ್ಕೊಂಡಿದೀರಿ ಸಾರ್?”

“ಬಳಕೆ ತಪ್ಪಿದ ಜಪಾನಿ ಅಕ್ಷರ.”

“ಓಹೋ. ಅದರಲ್ಲಿ ಸ್ಕೋಪ್ ಹೇಗಿದೆ?”

“ಸ್ಕೋಪ್ ಇಲ್ಲ. ಅದಕ್ಕೇ ಬಳಕೆ ತಪ್ಪಿದ್ದು!” ಎಂದು ಭಾವ ಗಹಗಹಿಸಿ ನಕ್ಕರು. ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಹಿಂದಿರುಗುವಾಗ ಕಾರಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು, “ನಮ್ಮನೇಲಿ ಬಳಕೆ ತಪ್ಪಿರೋದು ಯಾರು ಅಂತ ನಂಗೊತ್ತು” ಎಂದಳು. ಹಿಂದಿನ ಸೀಟಿನಲ್ಲಿ ಭಾವ ನಿದ್ದೆ ಹೋಗಿದ್ದರು. ನನಗೆ ಅವರನ್ನು ಅಲ್ಲೇ ಮೋಟಾರ್‌ವೇ ಪಕ್ಕದಲ್ಲಿ ಇಳಿಸಿಬಿಡಬೇಕು ಅನ್ನಿಸಿತು. ತಮಾಷೆಗೆ ಹೇಳುತ್ತಿಲ್ಲ.

ಈ ಪಿಎಚ್.ಡಿ. ಪ್ರಬಂಧ ಯಾಕೆ ಮುಗಿಯುತ್ತಿರಲಿಲ್ಲ ಗೊತ್ತೇ? ಬರೆದಾಗಿತ್ತು, ಟೈಪೂ ಆಗಿತ್ತು. ಆದರೆ ಈ ಅನಾಥ ಅಕ್ಷರಗಳು ಆಗಿನ್ನೂ ಯಾವ ಕಂಪ್ಯೂಟರಿನಲ್ಲೂ ಇರಲಿಲ್ಲ. ಹಾಗಾಗಿ ಅವು ಬರಬೇಕಾದಲ್ಲೆಲ್ಲ ಭಾವ ಖಾಲಿ ಜಾಗ ಬಿಟ್ಟು ಮುದ್ರಿಸಿಕೊಂಡಿದ್ದರು. ಆಮೇಲೆ ಕುಂಚದ ಪೆನ್ನು ಹಿಡಿದು ಒಂದೊಂದನ್ನೂ ಕೈಯಲ್ಲಿ ತುಂಬಬೇಕು. ಇವತ್ತು ಕೈ ಕೂರುತ್ತಿಲ್ಲ, ನಾಳೆ ಬೆಳಕು ಸರಿಯಿಲ್ಲ, ನಾಡಿದ್ದು ಮನಸ್ಸು ಸರಿಯಿಲ್ಲ. “ಸ್ಕ್ಯಾನ್ ಮಾಡಿ ಅಂಟಿಸೋಣ ಭಾವ” ಎಂದೆ. ಮಗುವನ್ನು ಮಾರೋಣ ಎಂದವನನ್ನು ನೋಡುವಂತೆ ನೋಡಿದರು. ಬೇರೆಯವರ ಕೈಯಲ್ಲಿ ಬರೆಸೋಣ ಎಂದರೆ, “ಒಂದು ಬಾಗು ಹೆಚ್ಚುಕಮ್ಮಿ ಆದ್ರೆ ಅದನ್ನ ಎರಡನೇ ಸಲ ಕೊಂದ ಹಾಗೆ ಕಣೋ” ಎಂದರು. ಹೀಗೆ ವರ್ಷಗಳು ಉರುಳಿದವು. ಅಕ್ಕನಿಗೆ ಮಗು ಬೇಕಿತ್ತು, ಅದಕ್ಕೂ “ಪ್ರಬಂಧ ಮುಗೀಲಿ” ಎನ್ನುವ ಉತ್ತರ.

ಕೊನೆಗೆ ವಿಶ್ವವಿದ್ಯಾನಿಲಯ ಒಂದು ಶುಕ್ರವಾರವನ್ನು ಗೊತ್ತುಮಾಡಿತು. ಸಂಜೆ ಐದರೊಳಗೆ ಒಪ್ಪಿಸದಿದ್ದರೆ ಹೆಸರು ತೆಗೆದುಹಾಕುತ್ತೇವೆ ಎಂದಿತು. ಅಕ್ಕ ಅದೇ ಶುಕ್ರವಾರದ ಸಂಜೆಗೆ ಮ್ಯಾಂಚೆಸ್ಟರಿನಿಂದ ವಿಮಾನದ ಟಿಕೆಟ್ ತೆಗೆಸಿದಳು. “ಮುಗಿಸಿದ್ರೆ ಇರ್ತೀನಿ, ಇಲ್ಲಾಂದ್ರೆ ಮೈಸೂರಿಗೆ ಹೊರಟೆ, ಮತ್ತೆ ಬರಲ್ಲ” ಎಂದು ಅವರ ಮುಖಕ್ಕೇ ಹೇಳಿದಳಂತೆ. ಭಾವ ಹೆದರಿ ನಿಜವಾಗಿಯೂ ಪೆನ್ನು ಹಿಡಿದು ಕೂತರಂತೆ. ಆದರೆ ಸೋಮವಾರ ಹಾಲು ತರಲು ಹೋದವರು, ಪಕ್ಕದ ಮನೆಯ ಕಾರಿನ ಗಾಜಿನ ಮೇಲೆ ಹೊಸ ಹಿಮ ಕೂತಿರುವುದನ್ನು ಕಂಡರು. ಅಭ್ಯಾಸ ಒಳ್ಳೆಯದೆಂದು ಬೆರಳಿನಿಂದ ಒಂದು ಅಕ್ಷರ ಬರೆದರು. ಅದರ ಬಾಲ ಎಳೆಯಲು ಬಾಗಿದವರು ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು! ಇಡೀ ಇಂಗ್ಲೆಂಡಿನಲ್ಲಿ ಹೀಗೆ ಕೈ ಮುರಿದುಕೊಂಡವರು ಇನ್ನೊಬ್ಬರಿದ್ದರೆ ತೋರಿಸಿ.

ಶುಕ್ರವಾರ ಮಧ್ಯಾಹ್ನ ನಾನು ಅಕ್ಕನನ್ನು ಕರೆದೊಯ್ಯಲು ಕಾರು ತಂದೆ. ಸುಳ್ಳೇಕೆ, ನನಗೆ ಒಳಗೊಳಗೇ ಹಿಗ್ಗು. ಅವಳ ಪೆಟ್ಟಿಗೆಯನ್ನು ಡಿಕ್ಕಿಗೆ ಹಾಕಿ, “ಸ್ನೇಕ್ ಪಾಸ್ ಘಾಟಿ ರಸ್ತೇಲಿ ಹಿಮ ಇದೆ, ಬೇಗ ಹೊರಡೋಣ” ಎಂದು ಅವಸರ ಮಾಡಿದೆ. ಅಕ್ಕ ಕೋಟು ಹಾಕಿಕೊಂಡು ಹೇಳಿಹೋಗಲು ಮುಂದಿನ ಕೋಣೆಗೆ ಬಂದಳು.

ಭಾವ ಮೇಜಿನ ಮುಂದೆ ಕೂತು ಎಡಗೈಯಲ್ಲಿ ಬರೆಯುತ್ತಿದ್ದರು. ಗೆರೆಗಳು ಎತ್ತಲೋ ಹೋಗುತ್ತಿದ್ದವು. ಕೆಟ್ಟ ಹಾಳೆಗಳು ಕಾಲಡಿಯಲ್ಲಿ ಬಿದ್ದಿದ್ದವು. ಅಕ್ಕ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ “ಏಳಿ ಆ ಕಡೆ” ಎಂದು ಪೆನ್ನು ಕಿತ್ತುಕೊಂಡು, ಕೋಟಿನಲ್ಲೇ ಕೂತಳು.

“ನಿನಗೆ ಬರಲ್ಲ ಕಣೇ.”

“ಕೂಸಿನ ನರ ಸಿಗುತ್ತೆ ನಂಗೆ, ಇದು ಸಿಗಲ್ವಾ? ಮಾದರಿ ತೋರ್ಸಿ.”

ಅವರು ಮಾದರಿಯ ಹಾಳೆ ಹಿಡಿದರು, ಅವಳು ನೋಡಿ ಬರೆದಳು. “ಇನ್ನೂ ಚೂರು ಬಗ್ಗಿಸು.” “ಬಾಯಿ ಮುಚ್ಕೊಂಡಿರಿ.” “ಅಲ್ಲಿ ಒತ್ತಬೇಡ.” “ಕೈ ಅಲ್ಲಾಡ್ಸಬೇಡಿ, ಹಾಳೆ ಅಲ್ಲಾಡುತ್ತೆ.” ಒಂದೊಂದು ಅಕ್ಷರಕ್ಕೂ ಒಂದೊಂದು ಜಗಳ! ನಾನು ಬಾಗಿಲಲ್ಲಿ ನಿಂತು ಗಡಿಯಾರ ನೋಡಿದೆ, ಕೆಮ್ಮಿದೆ, ಕಾರಿನ ಕೀ ಸದ್ದು ಮಾಡಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಬರಬರುತ್ತ ಭಾವನವರ ಮಾತು ಕಡಿಮೆಯಾಯಿತು. ಆಮೇಲೆ ನಿಂತೇ ಹೋಯಿತು. ಅವರು ಹಾಳೆಯನ್ನಲ್ಲ, ಅಕ್ಕನ ಮುಖವನ್ನು ನೋಡುತ್ತಿದ್ದರು. ಎಷ್ಟು ವರ್ಷದ ಮೇಲೆ ನೋಡಿದರೋ. ಅವಳ ಕಣ್ಣಿನ ಕೆಳಗೆ ಕಪ್ಪಾಗಿತ್ತು, ಹಿಂದಿನ ದಿನವೂ ಡ್ಯೂಟಿ ಮಾಡಿಬಂದವಳು.

ಇದ್ದಕ್ಕಿದ್ದಂತೆ ಅವರು ತಮ್ಮ ಎಡಗೈಯನ್ನು ಹಾಳೆಯ ಮೇಲೆ ಅಡ್ಡ ಇಟ್ಟರು.

“ಸಾಕು ಬಿಡೇ. ಉಳಿದದ್ದು ಖಾಲಿ ಇರಲಿ.”

“ಖಾಲಿ ಕೊಟ್ರೆ ತಗೋತಾರಾ?”

“ತಗೊಳಲ್ಲ. ಹೋದ್ರೆ ಹೋಗ್ಲಿ. ನೀನು ಹೊರಡು, ಫ್ಲೈಟ್ ತಪ್ಪಿಹೋಗತ್ತೆ. ಅಮ್ಮ ಕಾಯ್ತಿರ್ತಾರೆ ನಿಂಗೋಸ್ಕರ.” ನೂಡಲ್ಸ್ ಅಂಗಡಿಯ ಒಂದು ಅಕ್ಷರವನ್ನೂ ಬಿಟ್ಟುಬಂದು ಗೊತ್ತಿಲ್ಲದ ಮನುಷ್ಯ ಎಲ್ಲವನ್ನೂ ಒಟ್ಟಿಗೆ ಬಿಡುತ್ತಿದ್ದರು.

ನಾನು ಎರಡು ಹೆಜ್ಜೆ ಮುಂದೆ ಬಂದೆ. “ಬಾ ಅಕ್ಕ” ಎನ್ನಲು ಹೋದವನು ಕಾರಿನ ಕೀಯನ್ನು ಜೇಬಿಗೆ ಹಾಕಿಕೊಂಡೆ. ಆ ಮನುಷ್ಯನ ಮೇಲೆ ನನಗೆ ಅಷ್ಟು ಸಿಟ್ಟಿತ್ತು, ಆದರೂ ನನ್ನ ಕಣ್ಣು ತುಂಬಿಬಂತು.

ಅಕ್ಕ ಪೆನ್ನು ಕೆಳಗಿಟ್ಟಳು. ಕೋಟಿನ ಗುಂಡಿಗಳನ್ನು ಬಿಚ್ಚಿ, ಅದನ್ನು ಕುರ್ಚಿಯ ಬೆನ್ನಿಗೆ ಹಾಕಿದಳು. ಅವರ ಎಡಗೈಯನ್ನು ಮೆಲ್ಲಗೆ ಹಾಳೆಯಿಂದ ಸರಿಸಿ ಪಕ್ಕಕ್ಕಿಟ್ಟು, ಪೆನ್ನು ಮತ್ತೆ ಎತ್ತಿಕೊಂಡಳು.

“ಐದಕ್ಕೆ ಮುಚ್ತಾರೆ,” ಎಂದಳು. “ಮುಂದಿನದು ತೋರ್ಸಿ.”