ಹೆಣ್ಣು ನೋಡುವ ದಿನ ಹುಳು ಹಣ್ಣಾದವು

ಹೆಣ್ಣುಮಕ್ಕಳನ್ನು ಧೈರ್ಯವಂತರಾಗಿ ಬೆಳೆಸಬೇಕು ಎಂದು ಭಾಷಣ ಮಾಡುವುದು ಬಹಳ ಸುಲಭ. ನಾನು ಮೇಷ್ಟ್ರು. ಶಾಲೆಯ ವಾರ್ಷಿಕೋತ್ಸವದಲ್ಲಿ ಮೈಕು ಕೈಗೆ ಸಿಕ್ಕಿದಾಗಲೆಲ್ಲ ಈ ಮಾತು ಹೇಳಿ ಚಪ್ಪಾಳೆ ಗಿಟ್ಟಿಸಿದವನು. ಕಷ್ಟ ಏನೆಂದರೆ, ಇಂಥ ಭಾಷಣವನ್ನು ನಮ್ಮ ಮನೆಯ ಮಕ್ಕಳೂ ಕೇಳಿಸಿಕೊಳ್ಳುತ್ತಾರೆ. ನನ್ನ ಮಗಳು ಸುಮಿತ್ರ ಮುಂದಿನ ಸಾಲಿನಲ್ಲೇ ಕೂತು ಕೇಳಿಸಿಕೊಂಡು ಬೆಳೆದಳು. ಧೈರ್ಯವಂತೆಯೂ ಆದಳು, ಸಂತೋಷ. ಆ ಧೈರ್ಯವನ್ನು ಮೊದಲು ನನ್ನ ಮೇಲೇ ಪ್ರಯೋಗಿಸುತ್ತಾಳೆ ಎಂದು ಮಾತ್ರ ನಾನು ಎಣಿಸಿರಲಿಲ್ಲ.

ಅಕ್ಕೂರಿನಲ್ಲಿ ನಮಗೆ ಒಂದಿಷ್ಟು ಹಿಪ್ಪುನೇರಳೆ ತೋಟವಿದೆ, ಮನೆಯ ಹಿಂದೆ ರೇಷ್ಮೆಹುಳು ಸಾಕುವ ಹುಳುಮನೆ. ನಾನು ಶಾಲೆ ಎಂದು ಓಡಾಡುವವನಾದ್ದರಿಂದ ಹುಳುಗಳ ಯಜಮಾನಿಕೆ ಸುಮಿತ್ರಳದು. ಅವಳ ಡಿಗ್ರಿ ಮುಗಿಯುತ್ತಿದ್ದ ಹಾಗೆಯೇ ನನ್ನ ಅಕ್ಕ ಗುಡೇಮಾರನಹಳ್ಳಿಯಿಂದ ಒಂದು ಸಂಬಂಧ ತಂದಳು. ಒಳ್ಳೆಯ ಮನೆತನ, ಅವರೂ ರೇಷ್ಮೆ ಬೆಳೆಯುವವರು, ಹುಡುಗನಿಗೆ ಮಾಗಡಿಯಲ್ಲಿ ಮೊಬೈಲ್ ಅಂಗಡಿ. ಸುಮಿತ್ರ ನನ್ನನ್ನು ಅಡುಗೆಮನೆ ಬಾಗಿಲಲ್ಲಿ ಅಡ್ಡಗಟ್ಟಿ, ಎಂ.ಎಸ್ಸಿ. ಮುಗಿಯುವವರೆಗೆ ಮದುವೆ ಬೇಡ, ಅತ್ತೆಗೆ ನೀನೇ ಹೇಳಬೇಕು ಎಂದಳು. ಹೇಳುತ್ತೇನೆ ಬಿಡು ಎಂದೆ. ಆದರೆ ನನ್ನ ಅಕ್ಕನನ್ನು ನೀವು ನೋಡಿಲ್ಲ. ನಮ್ಮಮ್ಮ ತೀರಿಕೊಂಡ ಮೇಲೆ ನನಗೆ ಮುದ್ದೆ ಮುರಿದು ತಿನ್ನಿಸಿ ದೊಡ್ಡವನನ್ನಾಗಿ ಮಾಡಿದವಳು ಅವಳು. ಇವತ್ತಿಗೂ ಅವಳೆದುರು ನಿಂತರೆ, ಚಡ್ಡಿ ಜಾರಿದೆಯೇನೋ ಎಂದು ನನ್ನ ಕೈ ಸೊಂಟಕ್ಕೆ ಹೋಗುತ್ತದೆ. ಫೋನು ಮಾಡಿದಾಗಲೆಲ್ಲ ಮಳೆ ಬೆಳೆ ವಿಚಾರಿಸಿ ಇಟ್ಟುಬಿಟ್ಟೆ. ಹೇಳುತ್ತೇನೆ, ಹೇಳುತ್ತೇನೆ ಎನ್ನುವಷ್ಟರಲ್ಲಿ ಹೆಣ್ಣು ನೋಡಲು ಗೊತ್ತುಮಾಡಿದ ಭಾನುವಾರ ಬಂದೇಬಿಟ್ಟಿತು.

ಹುಳುಗಳಿಗೆ ನಮ್ಮ ಶಾಸ್ತ್ರ ಗೊತ್ತಾಗುತ್ತದೆಯೇ? ಮಂಗಳವಾರ ಹಣ್ಣಾಗಬೇಕಾದವು ಆ ಬಿಸಿಲಿನ ಝಳಕ್ಕೆ ಭಾನುವಾರ ಬೆಳಿಗ್ಗೆಯೇ ಹಣ್ಣಾಗಿ, ನೂಲು ಬಿಡುವ ಹದಕ್ಕೆ ಬಂದು, ಸೊಪ್ಪು ತಿನ್ನುವುದು ಬಿಟ್ಟು ತಲೆ ಎತ್ತಿಕೊಂಡು ಕೂತವು. ಹಣ್ಣಾದ ಹುಳುವನ್ನು ಕೂಡಲೇ ಆರಿಸಿ, ಗೂಡು ಕಟ್ಟಲು ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿಯ ಮೇಲೆ ಬಿಡಬೇಕು. ತಡವಾದರೆ ಸಿಕ್ಕಸಿಕ್ಕಲ್ಲಿ ನೂಲು ಬಿಟ್ಟು ಬೆಳೆಯೆಲ್ಲ ಹಾಳು. ನನ್ನ ಹೆಂಡತಿ, ಮಗಳು ಇಬ್ಬರೂ ಹಳೆಯ ಬಟ್ಟೆ ತೊಟ್ಟು ಹುಳುಮನೆ ಸೇರಿದರು. ಸೀರೆ ಉಟ್ಟುಕೋ ಬಾ ಎಂದು ಕರೆಯಲು ಹೋದರೆ ಸುಮಿತ್ರ ತಲೆಯೆತ್ತದೆ, "ಹೇಳ್ತೀನಿ ಅಂದಿದ್ದೆ ಅಲ್ವಾ ಅಪ್ಪ? ಹೇಳು. ನಾನಂತೂ ಬರಲ್ಲ," ಎಂದಳು. ಸರಿ, ಇವತ್ತು ಹೇಳಿಯೇ ತೀರುವುದು ಎಂದು ನಿರ್ಧಾರ ಮಾಡಿದೆ. ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಮುಖಕ್ಕೆ ಕತ್ತಿಗೆ ಧಾರಾಳವಾಗಿ ಪೌಡರ್ ಬಳಿದುಕೊಂಡು, ಹೇಳಬೇಕಾದ ಮಾತನ್ನು ಕನ್ನಡಿಯೆದುರು ಬಾಯಿಪಾಠ ಮಾಡಿಕೊಂಡೆ.

ಕಾರು ಬಂತು. ಅಕ್ಕ ಇಳಿದಳು, ನನ್ನ ಬಾಯಿಪಾಠವೂ ಇಳಿದುಹೋಯಿತು. ಅವಳ ಹಿಂದೆ ಹುಡುಗ, ಅವನ ತಂದೆ ಇಳಿದರು. ಹುಡುಗ ಹಾಕಿಕೊಂಡಿದ್ದ ಸೆಂಟಿಗೆ ನಮ್ಮ ನಾಯಿ ಸೀನಿತು. ಉಪ್ಪಿಟ್ಟು, ಕೇಸರಿಬಾತು ನಾನೇ ಬಡಿಸಿದೆ. ಹುಡುಗಿ ಎಲ್ಲಿ ಎಂದು ಅಕ್ಕ ಕೇಳಿದಾಗ, ಹುಳು ಹಣ್ಣಾಗಿವೆ ಎಂದೆ. ಅಷ್ಟು ಕಿವಿಗೆ ಬಿದ್ದದ್ದೇ ತಡ, ಹುಡುಗನ ತಂದೆ ಕೇಸರಿಬಾತಿನ ತಟ್ಟೆ ಕೆಳಗಿಟ್ಟು ಎದ್ದೇಬಿಟ್ಟರು. ರೇಷ್ಮೆ ಬೆಳೆಯುವವರಿಗೆ ಆ ಸುದ್ದಿ ಕೇಳಿದ ಮೇಲೆ ಕೂತಲ್ಲಿ ಕೂರಲಾಗುವುದಿಲ್ಲ. ಬಿಳಿ ಅಂಗಿ ಬಿಚ್ಚಿ ಮಗನ ಕೈಗೆ ಕೊಟ್ಟು, ಕೈಕಾಲು ತೊಳೆದು, ಬನಿಯನ್ನಿನಲ್ಲೇ ಹುಳುಮನೆಗೆ ನಡೆದರು. ಅವರ ಹಿಂದೆ ನಾವು ಮೂವರೂ ಹೊರಟೆವು.

ಬಾಗಿಲಲ್ಲಿ ಸುಮಿತ್ರ ಹುಡುಗನ ತಂದೆಯನ್ನು ಒಳಗೆ ಬಿಟ್ಟಳು. ಹುಡುಗನನ್ನು ತಡೆದು, "ಸೆಂಟು ಹಾಕಿರೋರು ಬರ್ಬೇಡಿ, ಹುಳಕ್ಕೆ ಆಗಲ್ಲ," ಎಂದಳು. ಅವನಿಗೂ ಅಷ್ಟೇ ಬೇಕಾಗಿತ್ತೋ ಏನೋ, ಬೇವಿನ ಮರದ ಕೆಳಗೆ ಹೋಗಿ ಮೊಬೈಲ್ ತೆಗೆದ. ನಾನು ಗತ್ತಿನಿಂದ ಒಳಗೆ ಕಾಲಿಡಹೋದೆ. "ಅಪ್ಪ, ನೀನೂ ಅಷ್ಟೇ. ಪೌಡ್ರು," ಎಂದಳು. ನಾನು ಕಟ್ಟಿಸಿದ ಹುಳುಮನೆಯ ಹೊರಗೆ, ಕಿಟಕಿಯ ಜಾಲರಿ ಹಿಡಿದುಕೊಂಡು ನಿಂತೆ.

ಒಳಗೆ ಹುಡುಗನ ಕಡೆಯ ಯಜಮಾನರು ಅವಳ ಪಕ್ಕದಲ್ಲೇ ಕೂತು ಹುಳು ಆರಿಸುತ್ತ ಏನೋ ಮಾತಾಡುತ್ತಿದ್ದರು. ಹೊರಗೆ ಅಕ್ಕ ನನ್ನ ಕಿವಿಯ ಹತ್ತಿರ ಬಂದು, "ಈ ವರ್ಸನೇ ಮುಗಿಸ್ಬುಡಾನ ಕಣ್ಲಾ. ಓದು ಓದು ಅಂತ ಕೂರಿಸ್ಕಂಡ್ರೆ ಆಮ್ಯಾಕೆ ಯಾರ್ ಬತ್ತಾರೆ?" ಎಂದಳು. ಸುಮಿತ್ರ ಒಮ್ಮೆ ತಲೆಯೆತ್ತಿ ನನ್ನ ಕಡೆ ನೋಡಿದಳು. ಮುಂದಿನ ಸಾಲಿನಲ್ಲಿ ಕೂತು ನೋಡುತ್ತಿದ್ದಳಲ್ಲ, ಅದೇ ನೋಟ. ನನಗೆ ನಾಚಿಕೆಯಾಯಿತು. ಈ ಹುಡುಗಿ ನಾನು ಹೇಳಿದ್ದನ್ನೆಲ್ಲ ನಂಬಿಕೊಂಡೇ ಬೆಳೆದವಳು. ಇವತ್ತು ಬಾಯಿ ಬಿಡದಿದ್ದರೆ ಇನ್ನು ಯಾವ ಮುಖ ಹೊತ್ತು ಮೈಕು ಹಿಡಿಯಲಿ ಎನ್ನಿಸಿ, ವಾರ್ಷಿಕೋತ್ಸವದ ಗಂಟಲಿನಲ್ಲೇ ಹೇಳಿಬಿಟ್ಟೆ.

"ಅಕ್ಕ, ಯಜಮಾನ್ರೆ, ಇಬ್ರೂ ಕೇಳಿ. ನನ್ ಮಗಳು ಓದು ಮುಗಿಸ್ತಾಳೆ. ಅಲ್ಲೀಗಂಟ ಮದ್ವೆ ಇಲ್ಲ."

ಯಜಮಾನರು ಕೈಯ ಕೆಲಸ ನಿಲ್ಲಿಸಲೇ ಇಲ್ಲ. "ಅದ್ನ ನಿಮ್ ಮಗಳು ಆಗ್ಲೇ ಹೇಳಾಯ್ತು ಮೇಷ್ಟ್ರೆ. ನಾನೂ ಸರಿ ಅಂದಾಯ್ತು. ಹೊರ್ಗಡೆ ಒಂದು ಚಂದ್ರಿಕೆ ಐತಲ್ಲ, ಒಸಿ ಎತ್ಕೊಡಿ," ಎಂದರು.

ಜೀವಮಾನದಲ್ಲಿ ಒಂದೇ ಒಂದು ಸಲ ಶೌರ್ಯ ತೋರಿಸಿದೆ, ಅದಕ್ಕೂ ಕೆಲಸವಿರಲಿಲ್ಲ. ಪೆಚ್ಚುಮೋರೆ ಹಾಕಿಕೊಂಡು ಚಂದ್ರಿಕೆ ಹೊತ್ತು ತಂದೆ. ಬಾಗಿಲಿಗೆ ಬಂದ ಸುಮಿತ್ರಳ ಕಣ್ಣು ಒದ್ದೆಯಾಗಿತ್ತು. "ಅವ್ರಿಗೆ ನಾನೇ ಹೇಳ್ದೆ ಅಪ್ಪ. ಅತ್ತೆಗೆ ಹೇಳೋಕೆ ನೀನೇ ಬೇಕಿತ್ತು," ಎಂದಳು. ನನಗೆ ಎದೆ ತುಂಬಿ ಬಂತು. ಅದೇ ಹುಮ್ಮಸ್ಸಿನಲ್ಲಿ ಮತ್ತೆ ಒಳಗೆ ಕಾಲಿಡಹೋದೆ. ಅವಳು ಚಂದ್ರಿಕೆ ಇಸಿದುಕೊಂಡು, ಕಣ್ಣೊರೆಸಿಕೊಳ್ಳುತ್ತಲೇ ನಲ್ಲಿಯ ಕಡೆ ಕೈ ತೋರಿಸಿದಳು.

ನಲ್ಲಿಯ ಕೆಳಗೆ ಬಗ್ಗಿ ಮುಖ ತಿಕ್ಕತೊಡಗಿದೆ. ಅಕ್ಕ ಹಿಂದೆಯೇ ಬಂದಳು. ಈಗ ಬೈಗುಳ ಎಂದು ಕಾದೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಕತ್ತಿನ್ ಹಿಂದೆನೂ ಐತೆ. ಸರ್ಯಾಗಿ ತೊಳ್ಕಳ್ಲಾ," ಎಂದಳು.

ತೊಳೆದುಕೊಂಡೆ. ಮತ್ತೆ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು.