ಮೂರು ಗೋಡೆ ಸುಲಗಾಯಿ, ಒಂದು ಗೋಡೆ ನಂದು

ನನಗೆ ಹಸಿರು ಬಣ್ಣ ಗೊತ್ತಿಲ್ಲ. ಬೇರೆ ಯಾರಾದರೂ ಹೀಗೆ ಹೇಳಿಕೊಂಡರೆ ಚಿಂತೆಯಿಲ್ಲ. ಆದರೆ ಹುನಗುಂದದ ಹೈಸ್ಕೂಲೊಂದರಲ್ಲಿ ಇಡೀ ನೌಕರಿಯನ್ನು ಡ್ರಾಯಿಂಗ್ ಮಾಸ್ತರನಾಗಿ ಕಳೆದು, ಶಾಲು ಹೊದಿಸಿಕೊಂಡು, ಹಾರ ಹಾಕಿಸಿಕೊಂಡು ನಿವೃತ್ತನಾದವನು ಬಾಯಿಬಿಟ್ಟು ಹೇಳಬಾರದ ಮಾತಿದು. ನಮ್ಮೂರ ಕೋರ್ಟಿನಲ್ಲಿ ಕರಿಕೋಟು ಹಾಕಿಕೊಂಡು ತಿರುಗುವವರಲ್ಲಿ, ಬಜಾರಿನಲ್ಲಿ ಅಂಗಡಿ ಇಟ್ಟವರಲ್ಲಿ ಅರ್ಧಕ್ಕರ್ಧ ಜನ ನನ್ನ ಕೈಕೆಳಗೆ ಮಾವಿನ ಎಲೆ ಬಿಡಿಸಿದವರೇ. ಹಳದಿಗೆ ನೀಲಿ ಕೂಡಿಸಿದರೆ ಹಸಿರು ಎಂದು ಬೋರ್ಡಿನ ಮೇಲೆ ಬರೆದು ಕೈ ಝಾಡಿಸಿಕೊಂಡರೆ ನನ್ನ ಪಾಠ ಮುಗಿಯುತ್ತಿತ್ತು. ಯಾವ ಹಸಿರು ಸರ್ ಎಂದು ಒಬ್ಬ ಹುಡುಗನೂ ಕೇಳಲಿಲ್ಲ. ಕೇಳಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಆ ಪ್ರಶ್ನೆಯನ್ನು ಕಡೆಗೂ ಕೇಳಿದವಳು ನನ್ನ ಹೆಂಡತಿ ಮಹಾದೇವಿ. ಆಕೆಯನ್ನು ಬೆಂಚಿನ ಮೇಲೆ ನಿಲ್ಲಿಸುವ ಧೈರ್ಯ ನನಗೆ ನೌಕರಿಯಲ್ಲಿದ್ದಾಗಲೂ ಇರಲಿಲ್ಲ.

ಮಹಾದೇವಿ ಇಳಕಲ್ಲಿನ ನೇಕಾರರ ಮನೆಯ ಮಗಳು. ಡ್ರಾಯಿಂಗ್ ಕ್ಲಾಸಿನ ಮುಖ ನೋಡಿದವಳಲ್ಲ. ಅಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವಾಗ ಪಕ್ಕದಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತ ಬೆಳೆದವಳು. ಬಣ್ಣ ಆಕೆಗೆ ಕಣ್ಣಿನಿಂದ ಬಂದದ್ದೋ ಬೆರಳಿನಿಂದ ಬಂದದ್ದೋ ನನಗಿನ್ನೂ ತಿಳಿದಿಲ್ಲ. ಸೀರೆ ಅಂಗಡಿಗೆ ಹೋದರೆ ಗಾದಿಯ ಮೇಲೆ ಹರವಿದ್ದನ್ನು ನೋಡುವುದೇ ಇಲ್ಲ. ಸೀರೆಯನ್ನು ಎತ್ತಿಕೊಂಡು ಹೊಸ್ತಿಲಿಗೆ ಬರುತ್ತಾಳೆ, ಸೂರ್ಯನಿಗೆ ಬೆನ್ನು ಮಾಡಿ ನೋಡುತ್ತಾಳೆ, ಮತ್ತೆ ನೆರಳಿಗೆ ಒಯ್ದು ನೋಡುತ್ತಾಳೆ, ಕಡೆಗೆ "ಬಾಜೂಕ ಇಡ್ರಿ" ಅನ್ನುತ್ತಾಳೆ. ಆಕೆ ಬಂದರೆ ಎಂಥ ಮಾತುಗಾರ ಅಂಗಡಿಕಾರನೂ ತಣ್ಣಗಾಗುತ್ತಾನೆ. ಮದುವೆಯಾದ ಹೊಸದರಲ್ಲಿ ನನಗಿದು ಬರೀ ಕಿರಿಕಿರಿ ಅನ್ನಿಸುತ್ತಿತ್ತು.

ಈಗ ಮಾತಿಗೆ ಬರುತ್ತೇನೆ. ಕೆರೂರಿಗೆ ಕೊಟ್ಟ ನಮ್ಮ ಮಗಳು ಸವಿತಾ ಆಗ ಚೊಚ್ಚಲ ಬಸುರಿ. ಮುಂದಿನ ರವಿವಾರ ಆಕೆಯ ಕುಬಸವಿತ್ತು, ಅಂದರೆ ತವರಿನವರು ಹಸಿರು ಸೀರೆ, ಹಸಿರು ಬಳೆ ಒಯ್ದು ಉಡಿ ತುಂಬುವ ಕಾರ್ಯ. ಅದನ್ನು ಮುಗಿಸಿಕೊಂಡು ಅಲ್ಲಿಂದಲೇ ಆಕೆಯನ್ನು ಬಾಣಂತನಕ್ಕೆ ಕರೆದುಕೊಂಡು ಬರುವುದೆಂದು ಗೊತ್ತಾಗಿತ್ತು. ಹುಡುಗಿಗೆ ಏಳು ತಿಂಗಳಾದರೂ ವಾಂತಿ ನಿಂತಿರಲಿಲ್ಲ. ಒಗ್ಗರಣೆಯ ವಾಸನೆ ಆಗದು, ಬಿಸಿಲು ಆಗದು, ಕಣ್ಣಿಗೆ ಹೊಡೆಯುವ ಬಣ್ಣವಂತೂ ಆಗಲೇ ಆಗದು. ಇಲ್ಲಿ ಆಕೆಯ ಕೋಣೆಗೆ ಇದ್ದದ್ದು ಬೆಂಡು ಬತ್ತಾಸಿನ ಗುಲಾಬಿ ಬಣ್ಣ. ಆರಿಸಿದ್ದು ನಾನೇ. ಒಂದು ದಿನ ಫೋನಿನಲ್ಲಿ ಅಳುದನಿಯಿಂದ ಹೇಳಿದಳು: "ಅಪ್ಪಾ, ಆ ಗುಲಾಬಿ ಗ್ವಾಡಿ ನೆನಿಸಿಕೊಂಡ್ರನ ಹೊಟ್ಟಿ ತೊಳಸ್ತೈತಿ. ಹಸರ ಹಚ್ಚಿಸು. ನೋಡಿದ್ರ ತಂಪ ಅನ್ನಸಬೇಕು." ಹೊತ್ತು ಮುಳುಗುವವರೆಗೂ ನನಗೆ ಬೇರೇನೂ ತೋಚಲಿಲ್ಲ. ತಿಂಗಳುಗಟ್ಟಲೆ ಆ ಹುಡುಗಿ ಆ ನಾಲ್ಕು ಗೋಡೆಗಳನ್ನೇ ನೋಡುತ್ತ ಮಲಗಬೇಕು, ಕೂಸು ಕಣ್ಣು ಬಿಡುವುದೂ ಅಲ್ಲೇ. ಬಣ್ಣ ತಪ್ಪಿದರೆ ಅನುಭವಿಸುವವಳು ಅವಳು.

ನಾನು ನನ್ನ ಪದ್ಧತಿಯಂತೆ ಪೇಂಟಿನ ಅಂಗಡಿಯಿಂದ ಶೇಡ್ ಕಾರ್ಡ್ ತಂದೆ. ಹಸಿರೇ ಎರಡು ಪುಟ. ಚಸ್ಮಾ ಒರೆಸಿಕೊಂಡು, ಪೆನ್ಸಿಲ್ ಚೂಪು ಮಾಡಿಕೊಂಡು, ಒಂದಕ್ಕೆ ಸುತ್ತು ಹಾಕಿ, ಅದನ್ನು ಅಳಿಸಿ ಅದರ ಪಕ್ಕದ್ದಕ್ಕೆ ಹಾಕಿ ಕೂತಿದ್ದೆ. ಮಹಾದೇವಿ ಬಂದು ಒಂದು ಕ್ಷಣ ಬಗ್ಗಿ ನೋಡಿದಳು. ಯಾವ ಹಸಿರು ಅಂತ ಕೇಳಿದಳು. ಇದು, ಅಂದೆ. ಉಗುರಿನಷ್ಟು ಚೂರು ನೋಡಿ ಯಾರಾದರೂ ಸೀರೆ ಕೊಳ್ಳುತ್ತಾರೇನು ಎಂದು ಕೇಳಿ ಒಳಗೆ ಹೋದಳು. ಟ್ರಂಕಿನ ಕೀಲಿ ತೆಗೆದ ಸಪ್ಪಳವಾಯಿತು. ಸ್ವಲ್ಪ ಹೊತ್ತಿಗೆ ಸವಿತಾಳ ಕೋಣೆಯ ನಾಲ್ಕೂ ಗೋಡೆಗೆ ಹಗ್ಗ ಬಿಗಿದು, ತನ್ನ ಹತ್ತಿರ ಇದ್ದಬದ್ದ ಹಸಿರು ಸೀರೆಗಳನ್ನೆಲ್ಲ ಮೇಲಿನಿಂದ ಕೆಳಗೆ ಇಳಿಬಿಟ್ಟಳು. ಗಿಳಿ ಹಸಿರು, ನವಿಲು ಹಸಿರು, ಜೋಳದ ಎಲೆಯದು, ಹೆಸರುಕಾಳಿನದು, ನನಗೆ ಹೆಸರೇ ಗೊತ್ತಿಲ್ಲದ ಇನ್ನೂ ಮೂರು.

ಎರಡು ದಿನ ಆ ಸೀರೆಗಳು ಹಾಗೇ ಇದ್ದವು. ಮುಂಜಾನೆ ಚಹಾದ ಕಪ್ಪು ಹಿಡಿದುಕೊಂಡು ಒಮ್ಮೆ, ಮಧ್ಯಾಹ್ನ ರೊಟ್ಟಿ ಬಡಿದ ಹಿಟ್ಟಿನ ಕೈಯಲ್ಲೇ ಒಮ್ಮೆ, ಸಂಜೆ ದೀಪ ಹಚ್ಚುವ ಮೊದಲು ಒಮ್ಮೆ ಬಂದು ನಿಂತು ನೋಡುವಳು, ಒಂದನ್ನು ತೆಗೆಯುವಳು, ಇನ್ನೊಂದರ ಜಾಗ ಬದಲಿಸುವಳು. ಪಡುವಣ ಕಿಟಕಿಯ ಬಿಸಿಲು ಬಿದ್ದರೆ ಗಿಳಿ ಹಸಿರು ಹಳದಿಗೆ ತಿರುಗುತ್ತದೆ, ನವಿಲು ಹಸಿರು ಸಂಜೆಯಾದರೆ ಕಪ್ಪಾಗಿ ಮೈಮೇಲೆ ಬರುತ್ತದೆ ಎಂದು ಆಕೆ ಹೇಳಿದ ಮೇಲೆ ನನಗೆ ಕಾಣಿಸಿತು. ಓಣಿಯಲ್ಲಿ ಮಾತ್ರ ಮಾಸ್ತರರ ಮನೆಯಲ್ಲಿ ಸೀರೆ ವ್ಯಾಪಾರ ಶುರುವಾಗಿದೆ ಎಂದು ಸುದ್ದಿ ಹಬ್ಬಿ, ಮೂರು ಮಂದಿ ಹೆಣ್ಣುಮಕ್ಕಳು ಬಂದು ಅಂಚಿನ ದಡಿ ಸವರಿ ದರ ಕೇಳಿದರು. ನಾನು ನಗಲಿಲ್ಲ. ಬೆಳಕು ನೆರಳು ಎಂದು ಅಷ್ಟು ವರ್ಷ ಬಾಯಿ ಒಣಗುವಂತೆ ಪಾಠ ಮಾಡಿದ ನನಗೆ ಈ ಒಂದು ಉಪಾಯ ಹೊಳೆದಿರಲಿಲ್ಲ. ಹೆಂಡತಿಯ ಬಗ್ಗೆ ನನಗೆ ಖರೇನೇ ಹೆಮ್ಮೆಯಾಯಿತು, ಹೊಟ್ಟೆಕಿಚ್ಚೂ ಆಯಿತು.

ಕಡೆಗೆ ಹಗ್ಗದ ಮೇಲೆ ಉಳಿದದ್ದು ಒಂದೇ ಸೀರೆ. ಸವಿತಾ ಹೊಟ್ಟೆಯಲ್ಲಿದ್ದಾಗ ಮಹಾದೇವಿಗೆ ಅವರಪ್ಪ ತಾನೇ ನೇಯ್ದು ತಂದು ಉಡಿಸಿದ ಕುಬಸದ ಸೀರೆ. ಆಗ ಅದು ಕಡು ಹಸಿರು. ತೊಳೆದು ತೊಳೆದು, ಉಟ್ಟು ಉಟ್ಟು, ಈಗ ಸುಲಗಾಯಿ ಸಿಪ್ಪೆಯ ಬಣ್ಣಕ್ಕೆ ಬಂದಿತ್ತು. ಸುಲಗಾಯಿ ಅಂದರೆ ಹೊಲದಲ್ಲಿ ಗಿಡ ಕಿತ್ತು, ಅಲ್ಲೇ ಸುಲಿದು ತಿನ್ನುವ ಹಸಿ ಕಡಲೆ. ಮುಂಜಾನೆಯೂ ತಂಪು, ಮಧ್ಯಾಹ್ನವೂ ತಂಪು, ಸಂಜೆಗೂ ತಂಪು. ಪೇಂಟರ್ ರಾಜೇಸಾಬ ಸೀರೆಯ ಚುಂಗನ್ನು ಎದುರಿಗೆ ಇಟ್ಟುಕೊಂಡು ಬಿಳಿ ಪೇಂಟಿಗೆ ಸ್ಟೇನರ್ ಎಂಬ ಗಟ್ಟಿ ಬಣ್ಣವನ್ನು ಸಣ್ಣ ಬಾಟಲಿಯಿಂದ ಹನಿಹನಿ ಬಿಟ್ಟು ಕಲಸಿ, ಡಬ್ಬಿಯ ಮುಚ್ಚಳಕ್ಕೆ ಬಳಿದು ಒಣಗಿಸಿ ತೋರಿಸಿದ. ಸೀರೆ ಯಾವುದು, ಮುಚ್ಚಳ ಯಾವುದು ಅನ್ನುವಂತಿತ್ತು. ಮರುದಿನ ಮಹಾದೇವಿ ಮಗಳಿಗೆ ಸೀರೆ ತರಲು ಮುಂಜಾನೆಯ ಬಸ್ಸಿಗೆ ಇಳಕಲ್ಲಿಗೆ ಹೊರಟಳು. ಹೋಗುವಾಗ, ರಾಜೇಸಾಬ ಎಲ್ಲ ಮಾಡುತ್ತಾನೆ, ನೀವು ಪೇಪರ್ ಓದುತ್ತ ಕೂಡ್ರಿ ಸಾಕು ಅಂದಳು. ಆ 'ಸಾಕು' ನನ್ನನ್ನು ಚುಚ್ಚಿತು.

ಪೇಪರ್ ಓದಿದೆ. ಸಿನಿಮಾ ಜಾಹೀರಾತು, ಟೆಂಡರ್ ಪ್ರಕಟಣೆ ಎಲ್ಲ ಓದಿದೆ. ಎದ್ದು ಕೋಣೆಗೆ ಹೋಗಿ ಬಕೆಟ್ಟಿನಲ್ಲಿ ಇಣುಕಿದೆ. ಒಳಗಿದ್ದ ಹಸಿ ಬಣ್ಣ ಸಪ್ಪಗೆ ಕಾಣಿಸಿತು. ಹಸಿ ಇದ್ದಾಗಲೇ ಹೀಗಿದ್ದರೆ ಒಣಗಿದ ಮೇಲೆ ಮಜ್ಜಿಗೆಯಾಗುವುದು ಖಂಡಿತ ಅಂದುಕೊಂಡೆ. ಯಾಕೆಂದರೆ ನಾನು ಜೀವಮಾನವಿಡೀ ಕಲಿಸಿದ್ದು ನೀರುಬಣ್ಣ. ಅದು ಹಸಿ ಇದ್ದಾಗ ಗಟ್ಟಿ, ಒಣಗಿದರೆ ತೆಳು. ಸ್ಟೇನರ್ ಇನ್ನಷ್ಟು ಹಾಕು ಅಂದೆ. ರಾಜೇಸಾಬ ಕುಂಚ ಕೆಳಗಿಟ್ಟು ಮೆಲ್ಲಗೆ ಹೇಳಿದ: "ಸರ್ರ, ಇದು ಒಣಗಿದ್ರ ಇನ್ನ ಗಟ್ಟಿ ಆಗತೈತ್ರಿ." ಈ ರಾಜೇಸಾಬ ನನ್ನ ಹಳೆಯ ವಿದ್ಯಾರ್ಥಿ. ಎಂಟನೇ ಇಯತ್ತೆಯಲ್ಲಿ ಅವನ ಗಿಳಿಗೆ ನಾನು ಹತ್ತಕ್ಕೆ ಎರಡು ಅಂಕ ಕೊಟ್ಟಿದ್ದೆ. ಅದನ್ನು ಅವನಿಗೆ ನೆನಪಿಸಿದೆ. ಅವನು ತಲೆ ತಗ್ಗಿಸಿ ಬಕೆಟ್ಟನ್ನು ನನ್ನ ಕಡೆಗೆ ಸರಿಸಿದ. ನಾನೇ ನನ್ನ ಕೈಯಾರೆ ಎರಡು ಬಾಟಲಿ ಸುರಿದು, ಕಲಸಿಸಿ, ಒಂದು ಗೋಡೆ ಪೂರಾ ಹಚ್ಚಿಸಿದೆ.

ಚಹಾ ಕುಡಿದು ಬರುವಷ್ಟರಲ್ಲಿ ಗೋಡೆ ಒಣಗತೊಡಗಿತ್ತು. ಒಣಗಿದಂತೆಲ್ಲ ಕಡುವಾಗುತ್ತ ಹೋಯಿತು. ಪೂರ್ತಿ ಒಣಗಿದ ಮೇಲೆ ಆ ಬಣ್ಣವನ್ನು ನಾನು ಗುರುತು ಹಿಡಿದೆ. ಅದು ನಮ್ಮ ಸಾಲಿಯ ಹಸಿರು ಬೋರ್ಡು. ನಿವೃತ್ತನಾದ ಮಾಸ್ತರ ಬಸುರಿ ಮಗಳ ಕೋಣೆಗೆ ಬೋರ್ಡನ್ನು ತಂದು ನಿಲ್ಲಿಸಿದ್ದ. ಸಪ್ಪೆ ಮುಖದ ಮಗಳು ಇನ್ನು ನಾಲ್ಕು ದಿನಕ್ಕೆ ಬಂದು ಈ ಕತ್ತಲೆಯನ್ನು ನೋಡುತ್ತ ಮಲಗುವುದು ಕಣ್ಣಿಗೆ ಕಟ್ಟಿ ನನಗೆ ಅಳು ಬಂದಂತಾಯಿತು. ಹೊಸದಾಗಿ ಹಚ್ಚಿದರೆ ಅದನ್ನು ಮುಚ್ಚಲು ಎಷ್ಟು ಕೋಟು ಬೇಕೋ, ಅಷ್ಟು ವಾಸನೆ ಹೋಗಲು ಎಷ್ಟು ದಿನ ಬೇಕೋ.

ಸಂಜೆ ಮಹಾದೇವಿ ಬಂದಳು. ಕೋಣೆಯ ಬಾಗಿಲಲ್ಲಿ ನಿಂತು ನೋಡಿದಳು. ರಾಜೇಸಾಬ ಕುಂಚದ ಕೂದಲು ಎಣಿಸತೊಡಗಿದ. ಯಾರು ಮಾಡಿದ್ದು ಎಂದು ಆಕೆ ಕೇಳಲೇ ಇಲ್ಲ. ಚೀಲದಿಂದ ಮಗಳ ಹೊಸ ಸೀರೆ ತೆಗೆದು, ಅದರ ಸೆರಗನ್ನು ಬಿಚ್ಚಿ ಗೋಡೆಗೆ ಹಿಡಿದು, ಹಿಂದಕ್ಕೆ ಸರಿದು, ತಲೆ ಓರೆ ಮಾಡಿ ನೋಡಿದಳು. ಆಮೇಲೆ ಅಂದಳು: "ಇದು ಸೆರಗ ಆಗಲಿ. ಉಳದ ಮೂರೂ ಒಡಲು. ಒಡಲಿಗೆ ಸುಲಗಾಯಿ ಬಣ್ಣ ಹಚ್ಚು, ರಾಜೇಸಾಬ."

ಇಳಕಲ್ ಸೀರೆಯಲ್ಲಿ ಒಡಲಿನದು ಒಂದು ಬಣ್ಣ, ಸೆರಗಿನದು ಇನ್ನೊಂದು. ಎರಡನ್ನೂ ಮಗ್ಗದ ಮೇಲೇ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ನನ್ನ ತಪ್ಪನ್ನು ಆಕೆ ಹಾಗೆ ಕೂಡಿಸಿಕೊಂಡಳು. ಎರಡು ಬಣ್ಣ ಸೇರುವ ಮೂಲೆಯಲ್ಲಿ ದಡಿಯ ಹಾಗೆ ಬೆರಳಗಲ ದಾಳಿಂಬೆ ಕೆಂಪಿನ ಗೆರೆ ಎಳೆಸಿದಳು. ಮಂಚವನ್ನು ತಿರುಗಿಸಿ, ಮಗಳ ತಲೆ ಆ ಗೋಡೆಯ ಕಡೆಗೆ ಬರುವಂತೆ ಹಾಕಿಸಿದಳು. ಮಲಗಿದವಳಿಗೆ ಸೆರಗು ಬೆನ್ನಿಗೆ, ಕಣ್ಣಿಗೆ ಬರೀ ಸುಲಗಾಯಿ. ಕಿಟಕಿ ತೆರೆದಿಟ್ಟು, ನೀರಿನ ಬೋಗುಣಿಯಲ್ಲಿ ಉಳ್ಳಾಗಡ್ಡಿ ಹೆಚ್ಚಿ ಇಟ್ಟು ಪೇಂಟಿನ ವಾಸನೆ ಕಳೆದಳು. ಕುಬಸ ಮುಗಿಸಿಕೊಂಡು ಬಂದ ಸವಿತಾ ಆ ಮಂಚದ ಮೇಲೆ ಉರುಳಿ, ಒಂದು ಸಲವೂ ಹೊಟ್ಟೆ ತೊಳೆಸದೆ ಮಲಗಿ, ಎದ್ದು ಅರ್ಧ ರೊಟ್ಟಿ ಬೇಡಿ ತಿಂದಳು. ಆ ಅರ್ಧ ರೊಟ್ಟಿ ನೋಡಿ ನನ್ನ ಜೀವ ಜಾಗಕ್ಕೆ ಬಂತು. ಸವಿತಾ ಹೊರಳಿ ನೋಡಿ, ಹಿಂದಿನ ಗೋಡೆ ಭಾಳ ಚಂದ ಬಂದೈತಿ, ಯಾರ ವಿಚಾರ ಇದು ಅಂತ ಕೇಳಿದಳು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮಹಾದೇವಿ, ನಿಮ್ಮಪ್ಪ ನಿಂತು ಹಚ್ಚಿಸಿದ್ದು ಅಂದುಬಿಟ್ಟಳು. ಸುಳ್ಳಿನ ಒಂದು ಎಳೆಯೂ ಅದರಲ್ಲಿಲ್ಲ.

ಈಗ ಮೊಮ್ಮಗಳು ಹುಟ್ಟಿ ಹದಿನೈದು ದಿನ. ಎತ್ತಿಕೊಂಡರೆ ಸಾಕು, ಆ ಕೂಸು ಮೂರು ಸುಲಗಾಯಿ ಗೋಡೆಗಳನ್ನು ಬಿಟ್ಟು ನನ್ನ ಕಡು ಹಸಿರು ಗೋಡೆಯನ್ನೇ ಪಿಳಿಪಿಳಿ ನೋಡುತ್ತದೆ. ನೋಡಿದೆಯಾ, ಕಲೆ ಬಲ್ಲ ಕಣ್ಣು ಅಂದರೆ ಇದು ಎಂದು ನಿನ್ನೆ ಹೆಂಡತಿಯನ್ನು ಕರೆದು ತೋರಿಸಿದೆ. ಆಕೆ ಕೂಸಿನ ಕುಲಾಯಿ ಸರಿಮಾಡುತ್ತ ಹೇಳಿದಳು: "ಅದಕ್ಕಿನ್ನ ನದರ ನಿಂತಿಲ್ರಿ. ಕಡು ಬಣ್ಣ ಬಿಟ್ರ ಬ್ಯಾರೆ ಏನೂ ಕಾಣಂಗಿಲ್ಲ."

ಇರಬಹುದು. ಎರಡು ಮೂರು ತಿಂಗಳಿಗೆ ಕೂಸಿಗೆ ಕಣ್ಣಿನ ನದರು ನಿಲ್ಲುತ್ತದಂತೆ, ಆಮೇಲೆ ಅದೂ ಅಜ್ಜಿಯ ಗೋಡೆಗಳ ಕಡೆಗೆ ಹೊರಳುವುದು ನನಗೆ ಗೊತ್ತು. ಅಲ್ಲಿಯವರೆಗೆ ದಿನಾ ಮುಂಜಾನೆ ಕೂಸನ್ನು ಎತ್ತಿಕೊಂಡು ಆ ಗೋಡೆಯ ಮುಂದೆ ನಿಲ್ಲುತ್ತೇನೆ. ಹಳದಿಗೆ ನೀಲಿ ಕೂಡಿಸಿದರೆ ಹಸಿರು ಎಂದು ಹೇಳಿಕೊಡುತ್ತೇನೆ. ಯಾವ ಹಸಿರು ಎಂದು ಅದು ಇನ್ನೂ ಕೇಳಿಲ್ಲ.