ಬೊಟ್ಟಿಟ್ಟ ಬೀಗ

“ಈ ಮನೆಗೆ ಬಾಗಿಲು ಅಂತ ಒಂದನ್ನ ಯಾವ ಪುಣ್ಯಾತ್ಮ ಇಟ್ಟ?”

ಚಾಪೆಯ ಮೇಲೆ ಅಂಗಾತ ಬಿದ್ದಿದ್ದ ತಿರುಮಲೈಸಾಮಿ ಹೀಗೆ ಕೇಳಿದ್ದು ಸೂರಿನ ತೊಲೆಯನ್ನು. ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ರಾತ್ರಿಯೆಲ್ಲ ಮೆಷಿನ್ನುಗಳ ಮುರಿದ ಸೂಜಿ ಬದಲಿಸಿ, ಬೆಳಗ್ಗೆ ಬಂದು ಮಲಗುವ ಫಿಟ್ಟರ್ ಅವನು. ಮಲಗುವುದು ಅವನ ಕೈಯಲ್ಲಿತ್ತು; ನಿದ್ದೆ ಬೀದಿಯ ಕೈಯಲ್ಲಿತ್ತು.

ತಲೆದಿಂಬಿಗೆ ಮಾರು ದೂರದಲ್ಲೇ ಗ್ರೈಂಡರ್. ಅದರಲ್ಲಿ ಪಕ್ಕದ ಮನೆಯ ಪೊನ್ನಮ್ಮ ತನ್ನ ಮನೆಯ ಇಡ್ಲಿಹಿಟ್ಟು ರುಬ್ಬುತ್ತಿದ್ದಳು. ಕಾಲ ಬುಡದಲ್ಲಿ ಕುರ್ಚಿ. ಅದರಲ್ಲಿ ಚೌಡಮ್ಮನ ಗುಡಿಯ ಆಡಳಿತ ನೋಡುವ ಧರ್ಮಕರ್ತ ಪೆರಿಯಸಾಮಿ ಕೂತು ಪೇಪರ್ ಓದುತ್ತಿದ್ದರು. ಮನಸ್ಸಿನೊಳಗೆ ಓದಿಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ. ನೂಲಿನ ಧಾರಣೆಯನ್ನೂ ಪಾರಾಯಣದ ರಾಗದಲ್ಲೇ ಓದಬೇಕು.

ತಿರುಮಲೈಸಾಮಿ ದಡಕ್ಕನೆ ಎದ್ದು ಕೂತ. “ರಾತ್ರಿ ದುಡಿದು ಬಂದ ಮನುಷ್ಯ ಮಲಗೋದು ಬೇಡ್ವಾ? ನಿಮಗೆಲ್ಲ ಮನೆ ಇಲ್ವಾ?”

ಪೊನ್ನಮ್ಮ ಜಗಲಿಯತ್ತ ಕೂಗಿದಳು. “ಜಾನಕಿಯಮ್ಮಾ, ನಿಮ್ಮ ಮಗನಿಗೆ ಉಷ್ಣ ಏರಿದೆ. ನೆತ್ತಿಗೆ ಹರಳೆಣ್ಣೆ ತಟ್ಟಿ.”

ಅವನ ಸಿಟ್ಟಿಗೆ, ಕನ್ನಡ ಮನೆಮಾತಿನ ಆ ಬೀದಿಯಲ್ಲಿದ್ದ ಹೆಸರೇ ಉಷ್ಣ. ಬೈದರೆ ಹರಳೆಣ್ಣೆ ಬರುತ್ತಿತ್ತು. ಇನ್ನೂ ಬೈದರೆ ಎಳನೀರು.

ಬೀಗ ಹಾಕಿಸೋಣವೆಂದರೆ ಬೀಗದಕೈ, ಬೀದಿಯ ಪದ್ಧತಿಯಂತೆ, ಪೊನ್ನಮ್ಮನ ಮನೆಯ ಮೊಳೆಯಲ್ಲಿ ತೂಗಬೇಕು. ಒಳಗಿನಿಂದ ಅಗಳಿ ಹಾಕಿದರೆ, ಜಗಲಿಯಲ್ಲಿ ಕೂತ ತಾಯಿಯೇ ಗಳಿಗೆಗೊಮ್ಮೆ ಕದ ಬಡಿಯುವಳು. ಕೊಯಮುತ್ತೂರಿನ ಆರ್.ಎಸ್. ಪುರಂನಲ್ಲಿ ಹೊಸದಾಗಿ ಎಲೆಕ್ಟ್ರಾನಿಕ್ ಬೀಗ ಬಂದಿದೆ, ಅದಕ್ಕೆ ಬೀಗದಕೈಯೇ ಇಲ್ಲ, ನಮಗೆ ಬೇಕಾದ ನಂಬರನ್ನು ನಾವೇ ಇಡಬಹುದು ಎಂದು ಕಂಪನಿಯಲ್ಲಿ ಯಾರೋ ಹೇಳಿದ್ದರು. ಬಾಗಿಲು ಎಳೆದುಕೊಂಡರೆ ಬೀಗ ತಾನೇ ಬೀಳುತ್ತದೆ. ಅಮ್ಮನಿಗೆ ಅಂಕಿ ಓದಲು ಬಾರದು, ಯಾರಿಗೂ ತೆಗೆದುಕೊಡಲಾರಳು. ಇದು ಹೊಳೆದದ್ದೇ ತಿರುಮಲೈಸಾಮಿ ಅಂಗಿ ತೊಟ್ಟು, ತಾಯಿಗೊಂದು ಮಾತು ಹೇಳಿ ಬಸ್‌ಸ್ಟ್ಯಾಂಡಿಗೆ ನಡೆದ.

ಬಸ್ಸಿನಲ್ಲಿ ಕೂತು ಕಣ್ಣು ಮುಚ್ಚಿದ್ದನಷ್ಟೇ. ಪಕ್ಕದಲ್ಲಿ ರಾಗ ಕೇಳಿಸಿತು.

“ಬೀಗ ತಗೊಳೋಕೆ ಒಬ್ಬನೇ ಹೊರಟಿದೀಯಂತೆ? ಪೇಟೆಯವರು ತಲೆ ಸವರ್ತಾರೆ ಕಣಪ್ಪ,” ಎಂದರು ಪೆರಿಯಸಾಮಿ. ಮುಂದಿನ ಸೀಟಿನಿಂದ ಪೊನ್ನಮ್ಮ ತಿರುಗಿ ನಕ್ಕಳು. “ನಂಗೂ ಅಲ್ಲಿ ಸೀರೆ ನೋಡೋದಿತ್ತು.”

ಅಂಗಡಿಯವನು ಮೂರು ಬಗೆಯ ಬೀಗ ತೆಗೆದಿಟ್ಟು, “ಮುಖ್ಯವಾಗಿ ಯಾರಿಂದ ಕಾಪಾಡಬೇಕು, ಸಾರ್?” ಎಂದು ತಮಿಳಿನಲ್ಲಿ ಕೇಳಿದ. ತಿರುಮಲೈಸಾಮಿ ಎಡಕ್ಕೆ ನೋಡಿದ, ಪೊನ್ನಮ್ಮ. ಬಲಕ್ಕೆ ನೋಡಿದ, ಪೆರಿಯಸಾಮಿ. “ಕಳ್ಳರಿಂದ,” ಎಂದು ಹಲ್ಲು ಕಡಿದ.

ಅವನಿಗೆ ಹಿಡಿಸಿದ್ದು ತಪ್ಪು ನಂಬರ್ ಒತ್ತಿದರೆ ಸೈರನ್ ಕೂಗುವ ಬೀಗ. ಪೊನ್ನಮ್ಮ ಅದನ್ನು ಒತ್ತಿ ನೋಡಿದಳು. ಅಂಗಡಿಯೇ ಬೊಬ್ಬಿಟ್ಟಿತು.

“ಅಯ್ಯಯ್ಯೋ, ಇದು ಬೇಡ! ದಿನಾ ಹಿಟ್ಟು ತಗೊಂಡು ಬರೋಳು ನಾನು, ಎದೆ ಒಡೆದು ಸತ್ತರೆ?”

“ಇನ್ನೊಂದರ ಬಟನ್ನು ಸಾಸಿವೆಯಷ್ಟಿದೆ. ನನ್ನ ಕಣ್ಣಿಗೆ ಕಾಣಲ್ಲ,” ಎಂದರು ಪೆರಿಯಸಾಮಿ. “ಇದು ನೋಡು, ದೊಡ್ಡ ಬಟನ್ನು. ನಮಗೆಲ್ಲ ಹೊಂದುತ್ತೆ.”

“ಬೀಗ ನನಗೆ! ನಿಮಗಲ್ಲ! ನೀವು ಬರಬಾರದು ಅಂತಲೇ...”

“ಉಷ್ಣ,” ಎಂದು ಪೊನ್ನಮ್ಮ ಅಂಗಡಿಯವನಿಗೆ ಸಮಾಧಾನ ಹೇಳಿದಳು. ಅವನು ತಲೆಯಾಡಿಸಿ ದೊಡ್ಡ ಬಟನ್ನಿನ ಬೀಗವನ್ನೇ ಕಟ್ಟಿಕೊಟ್ಟ.

ಮಧ್ಯಾಹ್ನ ತಿರುಮಲೈಸಾಮಿ ಬಾಗಿಲಿಗೆ ತೂತು ಕೊರೆದ ರಭಸ ನೋಡಿದ್ದರೆ ಮರಕ್ಕೂ ಕನಿಕರ ಬರಬೇಕು. ಬೀಗ ಕೂಡಿಸಿ, ಯಾರಿಗೂ ಕಾಣದಂತೆ ಟವೆಲ್ ಮುಚ್ಚಿ ನಂಬರ್ ಇಟ್ಟ.

“ಒಲೆ ಮೇಲೆ ಅನ್ನ ಇಟ್ಟು ನಾನು ಆಚೆ ನಿಂತಿರ್ಲಾ?” ಎಂದು ಜಾನಕಿಯಮ್ಮ ಸೆರಗು ಕಣ್ಣಿಗೊತ್ತಿಕೊಂಡಳು. ಹೆತ್ತವಳ ಕಣ್ಣೀರಿಗೆ ಸೋತು, ಅವಳ ಬೆರಳು ಹಿಡಿದು ಒತ್ತುವ ಬಟನ್ನುಗಳನ್ನು ತೋರಿಸಿದ. “ಯಾರ ಹತ್ರವೂ ಬಾಯಿ ಬಿಡಬೇಡಮ್ಮ.”

“ಚೌಡಮ್ಮನಾಣೆ, ಬಿಡಲ್ಲ.”

ಅವನು ಒಳಗೆ ಹೋಗಿ ಬಾಗಿಲೆಳೆದುಕೊಂಡ. ಬೀಗ ಕಟ್ ಎಂದು ಬಿತ್ತು. ಎಷ್ಟು ಇಂಪಾದ ಸದ್ದು! ಚಾಪೆ ಮುಟ್ಟುವುದಕ್ಕೆ ಮುಂಚೆಯೇ ನಿದ್ದೆ ಬಂದು ಅಪ್ಪಿಕೊಂಡಿತು.

ನಿದ್ದೆಯಲ್ಲಿ ಗುಡುಗಿತು. ಗುಡುಗು ನಿಲ್ಲಲೇ ಇಲ್ಲ. ಕಣ್ಣು ಬಿಟ್ಟರೆ ಗ್ರೈಂಡರ್ ತಿರುಗುತ್ತಿದೆ, ಪೊನ್ನಮ್ಮ ಉದ್ದು ಹಾಕುತ್ತಿದ್ದಾಳೆ.

“ಪೊನ್ನಕ್ಕಾ! ಹೆಂಗ್ ಒಳಗ್ ಬಂದ್ರಿ?”

“ಬೊಟ್ಟು ನೋಡ್ಕೊಂಡು.”

ಅವನು ಬಾಗಿಲಿಗೆ ಹಾರಿದ. ಹೊಸ ವಸ್ತುವಿಗೆ ಪೂಜೆಯಿಲ್ಲದೆ ಇರುತ್ತದೆಯೇ? ಜಾನಕಿಯಮ್ಮ ಬೀಗಕ್ಕೆ ಹೂವು ಮುಡಿಸಿ, ಗಂಧ ಕುಂಕುಮ ಇಟ್ಟಿದ್ದಳು. ಕೆಲಸಕ್ಕೆ ಬಾರದ ಬಟನ್ನುಗಳಿಗೆ ಏನೂ ಇಲ್ಲ. ಮೊದಲು ಒತ್ತುವುದಕ್ಕೆ ಒಂದು ಬೊಟ್ಟು, ಆಮೇಲಿನದಕ್ಕೆ ಎರಡು, ಅದರಾಚೆಯದಕ್ಕೆ ಮೂರು, ಕೊನೆಯದಕ್ಕೆ ನಾಲ್ಕು.

“ಅಮ್ಮಾ! ಆಣೆ ಇಟ್ಟೆಯಲ್ಲ!”

“ನಾನೆಲ್ಲಿ ಬಾಯಿ ಬಿಟ್ಟೆ? ನಂಗೆ ಮರೀಬಾರದು ಅಂತ ಇಟ್ಕೊಂಡೆ. ಹೇಗೂ ಮಂಗಳವಾರ.”

ತಿರುಮಲೈಸಾಮಿಯ ಮುಖ ಕುಂಕುಮಕ್ಕಿಂತ ಕೆಂಪಾಯಿತು. ಟವೆಲ್ಲಿನಿಂದ ಬೊಟ್ಟನ್ನೆಲ್ಲ ಒರೆಸಿ ಬಿಸಾಕಿ, “ಈಗಲೇ ನಂಬರ್ ಬದಲಿಸ್ತೀನಿ! ದೇವರಾಣೆ ಇನ್ನೊಬ್ಬ ಒಳಗೆ ಬರಲಿ ನೋಡ್ತೀನಿ!” ಎಂದು ಬೀಗದ ಮೇಲೆ ಬೆರಳಿಟ್ಟ.

ಬೀದಿಯ ತುದಿಯಲ್ಲಿ ತಮಟೆ ಕೇಳಿಸಿತು. ಮುಂದೆ ಪೆರಿಯಸಾಮಿ, ಹಿಂದೆ ಕಬ್ಬಿಣದ ಪೆಟ್ಟಿಗೆ ಹೊತ್ತ ಇಬ್ಬರು, ಅವರ ಹಿಂದೆ ಇಡೀ ಬೀದಿ. ಮೆರವಣಿಗೆ ಇವನ ಜಗಲಿಯ ಮುಂದೆಯೇ ನಿಂತಿತು.

“ಕುಂಭಾಭಿಷೇಕಕ್ಕೆ ಗುಡಿ ಗೋಡೆ ಒಡೆದಿದಾರೆ,” ಎಂದರು ಪೆರಿಯಸಾಮಿ. “ಚೌಡಮ್ಮನ ನಗನಾಣ್ಯ ಯಾರ ಮನೇಲಿಡೋದು ಅಂತ ತಿಂಗಳಿಂದ ಜಗಳ. ಇವತ್ತು ಅಮ್ಮನೇ ದಾರಿ ತೋರಿಸಿದಳು. ಇಂಥ ಬೀಗ ಈ ಜಿಲ್ಲೆಯಲ್ಲಿ ಯಾರ ಮನೇಲಿದೆ? ಅಷ್ಟು ದೂರ ಹೋಗಿ, ಆರಿಸಿ ತಂದವನೇ ನಾನು!”

“ಮಾಮಾ, ನಾನು ಈಗಷ್ಟೇ ನಂಬರ್ ಬದಲಿಸ್ತಿದ್ದೆ...”

“ಬದಲಿಸಬೇಡ. ಬೀದಿಗೆಲ್ಲ ಬಾಯಿಪಾಠ ಆಗಿದೆ. ಕಳ್ಳನೊಬ್ಬನಿಗೆ ಗೊತ್ತಿಲ್ಲದಿದ್ದರೆ ಸಾಕು.”

ಪೆಟ್ಟಿಗೆ ಒಳಗೆ ಹೋಯಿತು. ಚಾಪೆ ಸುತ್ತಿಟ್ಟು ಜಾನಕಿಯಮ್ಮ ಅದೇ ಜಾಗಕ್ಕೆ ನೀರು ಚಿಮುಕಿಸಿ ರಂಗೋಲಿ ಎಳೆದಳು. ಪೊನ್ನಮ್ಮ ಓಡಿಹೋಗಿ ತನ್ನ ಕಾಸಿನ ಸರವನ್ನೂ ತಂದು ಪೆಟ್ಟಿಗೆಯ ಮೇಲಿಟ್ಟಳು. ಅವಳನ್ನು ನೋಡಿ ಬೇರೆ ಹೆಂಗಸರೂ ಮನೆಗೆ ಓಡಿದರು. ಬೆಳಿಗ್ಗೆ ಸಂಜೆ ಆರತಿ, ನಡುವೆ ಬಂದವರಿಗೆ ದರ್ಶನ ಎಂದು ತೀರ್ಮಾನವಾಯಿತು.

“ರಾತ್ರಿ ನಾವು ಸರದಿ ಮೇಲೆ ಕಾಯ್ತೀವಿ,” ಎಂದರು ಪೆರಿಯಸಾಮಿ. “ಹಗಲು ಮನೇಲಿರೋ ಗಟ್ಟಿಮುಟ್ಟಾದ ಗಂಡಸು ಈ ಬೀದಿಗೆ ನೀನೊಬ್ಬನೇ. ಗುಡಿ ಕೆಲಸ ಮುಗಿಯೋ ತನಕ ಹಗಲ ಕಾವಲು ನಿನ್ನದು.”

ತಿರುಮಲೈಸಾಮಿ ಬಾಯಿ ತೆರೆದ. ಎದುರಿಗೆ ಚೌಡಮ್ಮನ ಪೆಟ್ಟಿಗೆ. ಅವನ ಎರಡು ಕೈಯೂ ತಾವಾಗಿ ಮುಗಿದುಕೊಂಡವು.

“ಮಾಮಾ, ಊಟ ಆದಮೇಲೆ ಒಂದೇ ಒಂದು ಗಳಿಗೆ... ಕೂತ ಕಡೆಯೇ ಕಣ್ಣು ಮುಚ್ಚಲಾ?”

ಪೆರಿಯಸಾಮಿ ಪೇಪರ್ ಬಿಡಿಸಿಕೊಂಡು ಕುರ್ಚಿಯಲ್ಲಿ ಕೂತರು.

“ಆಗದು.”